ವಾರದ ಬಟವಾಡೆ, ವಾರದ ಬಾಡಿಗೆ

ಆಸ್ಟ್ರೇಲಿಯಾದಲ್ಲಿ ದುಡ್ಡಿನ ಲೆಕ್ಕ ನಡೆಯುವುದು ವಾರದ ಮೇಲೆ. ಮನೆ ಬಾಡಿಗೆಯ ಜಾಹೀರಾತಿನಲ್ಲಿ ಕಾಣುವ ಅಂಕಿ ವಾರದ್ದು. ಕನಿಷ್ಠ ವೇತನ ಪ್ರಕಟವಾಗುವುದು ಗಂಟೆಗೆ ಇಷ್ಟು, 38 ಗಂಟೆಯ ವಾರಕ್ಕೆ ಇಷ್ಟು ಎಂದು. ಹೋಟೆಲು, ಗೋದಾಮು, ಹಣ್ಣಿನ ತೋಟಗಳಲ್ಲಿ ದುಡಿಯುವವರ ಖಾತೆಗೆ ಸಂಬಳ ಬೀಳುವುದು ವಾರಕ್ಕೊಮ್ಮೆ, ಇಲ್ಲವೇ ಎರಡು ವಾರಕ್ಕೊಮ್ಮೆ. ತಿಂಗಳ ಒಂದನೇ ತಾರೀಕನ್ನು ಕಾಯುತ್ತ ಬೆಳೆದ ಬೆಂಗಳೂರು, ಮೈಸೂರು, ದಾವಣಗೆರೆಯ ಹುಡುಗ ಹುಡುಗಿಯರು ಅಲ್ಲಿಗೆ ಹೋದಾಗ ಮೊದಲು ಎಡವುವುದು ಇಲ್ಲಿಯೇ. ಹಾಗೆ ನೋಡಿದರೆ ಕನ್ನಡ ನಾಡಿಗೆ ಇದು ಹೊಸ ಪದ್ಧತಿಯೇನಲ್ಲ. ಮಲೆನಾಡು, ಕೊಡಗಿನ ಕಾಫಿ ತೋಟಗಳಲ್ಲಿ ವಾರಕ್ಕೊಮ್ಮೆ ಬಟವಾಡೆ, ಅದರ ಬೆನ್ನಿಗೇ ಸಂತೆ. ತಿಂಗಳ ಸಂಬಳದ ಮನೆಗಳು ಅದನ್ನು ಮರೆತಿವೆ, ಅಷ್ಟೆ.

ಮನೆಯ ವಾರದ ಖರ್ಚನ್ನು ಅಳೆದು ಅದರ ಮೇಲೆ ಕೂಲಿ ಗೊತ್ತುಮಾಡುವ ಕ್ರಮಕ್ಕೆ ಆ ದೇಶದಲ್ಲಿ ನೂರು ವರ್ಷ ಮೀರಿದ ಇತಿಹಾಸವಿದೆ. 1907ರಲ್ಲಿ ಎಚ್.ವಿ. ಮೆಕೇ ಎಂಬ ಕೊಯ್ಲು ಯಂತ್ರಗಳ ತಯಾರಕರ ಕಾರ್ಖಾನೆಯಲ್ಲಿ ಕೊಡುತ್ತಿದ್ದ ಕೂಲಿ ನ್ಯಾಯವಾದದ್ದೇ ಎಂಬ ಪ್ರಶ್ನೆ ಮೆಲ್ಬರ್ನ್‌ನಲ್ಲಿ ನ್ಯಾಯಮೂರ್ತಿ ಎಚ್.ಬಿ. ಹಿಗ್ಗಿನ್ಸ್ ಅವರ ಮುಂದೆ ಬಂತು. ಮಾಲೀಕನ ಲಾಭದ ಲೆಕ್ಕವನ್ನು ಬದಿಗಿಟ್ಟ ಹಿಗ್ಗಿನ್ಸ್, ಮನೆ ನಡೆಸುವ ಹೆಂಗಸರ ಖರ್ಚಿನ ಪಟ್ಟಿಗಳನ್ನು ನೋಡಿದರು. ಬಾಡಿಗೆ, ದಿನಸಿ, ಬ್ರೆಡ್ಡು, ಮಾಂಸ, ಹಾಲು, ಉರುವಲು, ತರಕಾರಿ, ಹಣ್ಣು ಇಷ್ಟಕ್ಕೇ ಒಂಬತ್ತು ಗೃಹಿಣಿಯರ ಪಟ್ಟಿಗಳ ಸರಾಸರಿ ವಾರಕ್ಕೆ 32 ಶಿಲ್ಲಿಂಗ್ 5 ಪೆನ್ಸ್ ಆಯಿತು. ಬಟ್ಟೆ, ಬೂಟು, ದೀಪ, ಪಾತ್ರೆಪಗಡ, ಟ್ರಾಮಿನ ಚಾರ್ಜು, ವಿಮೆ, ಕಾಯಿಲೆ ಯಾವುದೂ ಅದರಲ್ಲಿ ಸೇರಿರಲಿಲ್ಲ. ಕೊನೆಗೆ ದಿನಕ್ಕೆ 7 ಶಿಲ್ಲಿಂಗ್, ಆರು ದಿನದ ವಾರಕ್ಕೆ 42 ಶಿಲ್ಲಿಂಗ್ ಎಂದು ಅವರು ಗೊತ್ತುಮಾಡಿದರು. ತೀರ್ಪಿಗೆ ಆಧಾರವಾಗಿದ್ದ ಕಾಯಿದೆ ಮರುವರ್ಷವೇ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಆದರೆ ಹಿಗ್ಗಿನ್ಸರ ಅಳತೆಗೋಲು ದಶಕಗಳ ಕಾಲ ಉಳಿಯಿತು. ಇಂದು ಸಿಡ್ನಿಯಲ್ಲೋ ಬ್ರಿಸ್ಬೇನ್‌ನಲ್ಲೋ ಮೊಬೈಲಿನಲ್ಲಿ ಖರ್ಚು ಬರೆದಿಡುವವರಿಗೂ ಆ ಪಟ್ಟಿಯಲ್ಲಿ ಒಂದು ಪಾಠವಿದೆ. ವಾರವಾರವೂ ಬರುವ ಖರ್ಚು ಹೇಗೋ ಹಿಡಿತಕ್ಕೆ ಸಿಗುತ್ತದೆ. ಲೆಕ್ಕ ಕೆಡಿಸುವುದು ಪಟ್ಟಿಯಿಂದ ಹೊರಗುಳಿದದ್ದು.

ಕರ್ನಾಟಕದಿಂದ ಹೋಗಿ ಹೀಗೆ ವಾರದ ಲೆಕ್ಕದಲ್ಲಿ ಬಿಗಿಯಾಗಿ ಬದುಕುವವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ಕಾಲೇಜು ನಡೆಯುವ ದಿನಗಳಲ್ಲಿ ಅವರು ಎರಡು ವಾರಕ್ಕೆ 48 ಗಂಟೆ ಮಾತ್ರ ದುಡಿಯಬಹುದು. 2023ರ ಜುಲೈ 1ರಿಂದ ಜಾರಿಯಲ್ಲಿರುವ ನಿಯಮವಿದು. ಎರಡು ವಾರವೆಂದರೆ ಸೋಮವಾರದಿಂದ ಶುರುವಾಗುವ ಸರಿಯಾಗಿ 14 ದಿನ. ನಮ್ಮ ಪಂಚಾಂಗದ ಪಕ್ಷಕ್ಕೂ ಇದಕ್ಕೂ ಸಂಬಂಧವಿಲ್ಲ. 2024ರಿಂದ ಇನ್ನೊಂದು ಬಾಗಿಲೂ ತೆರೆದಿದೆ. 18ರಿಂದ 30 ವರ್ಷದೊಳಗಿನ ಭಾರತೀಯರಿಗೆ ವರ್ಷಕ್ಕೆ 1,000 ‘ವರ್ಕ್ ಅಂಡ್ ಹಾಲಿಡೇ’ ವೀಸಾಗಳನ್ನು ಲಾಟರಿ ಎತ್ತಿ ಕೊಡಲಾಗುತ್ತದೆ. ಅದರಲ್ಲಿ ಹೋದವರು ಹನ್ನೆರಡು ತಿಂಗಳು ಸುತ್ತಾಡುತ್ತಲೇ ದುಡಿಯಬಹುದು. ಆದರೆ ಸಾಮಾನ್ಯವಾಗಿ ಒಬ್ಬ ಮಾಲೀಕನ ಬಳಿ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ.

2025ರ ಜುಲೈಯಿಂದ ಕನಿಷ್ಠ ವೇತನ ಗಂಟೆಗೆ 24.95 ಡಾಲರ್. ರಜೆ, ಕಾಯಿಲೆ ರಜೆಯ ಸೌಲಭ್ಯವಿಲ್ಲದ ಕ್ಯಾಶುವಲ್ ಕೆಲಸಗಾರರಿಗೆ ಅದರ ಮೇಲೆ ಶೇ 25 ಸೇರಿ ಸುಮಾರು 31.19 ಡಾಲರ್ ಸಿಗುತ್ತದೆ. ವಾರಕ್ಕೆ 24 ಗಂಟೆ ದುಡಿದರೆ 748 ಡಾಲರ್. ವಿದ್ಯಾರ್ಥಿಗೆ ತೆರಿಗೆ ಹಿಡಿದ ಮೇಲೆ ಕೈಗೆ ಬರುವುದು 650ರ ಆಸುಪಾಸು. ಕಾಗದದ ಮೇಲೆ ಚೆಂದದ ಲೆಕ್ಕ. ಆದರೆ ಕ್ಯಾಶುವಲ್ ಎಂದರೆ ಕೆಲಸದ ಗಂಟೆಗಳಿಗೆ ಖಾತ್ರಿಯಿಲ್ಲ ಎಂದೇ ಅರ್ಥ. ಮಳೆ ಬಂದು ಗಿರಾಕಿ ಕಡಿಮೆಯಾದರೆ ರೋಸ್ಟರಿನಲ್ಲಿ ಎರಡು ಶಿಫ್ಟ್ ಕಾಣೆಯಾಗುತ್ತವೆ. 15 ಗಂಟೆಗೆ ಇಳಿದ ವಾರದಲ್ಲಿ ಕೈಗೆ ಬರುವುದು 450ರಷ್ಟೇ. ಬಿಗಿಯಾಗಿ ಬದುಕುವವರ ಬಜೆಟ್ ನಿಲ್ಲಬೇಕಾದದ್ದು ಈ 450ರ ಮೇಲೆ. ಒಳ್ಳೆಯ ವಾರವನ್ನು ನಂಬಿ ಕೋಣೆ ಹಿಡಿದವರು ಕೆಟ್ಟ ವಾರದಲ್ಲಿ ಸಾಲ ಕೇಳುತ್ತಾರೆ.

ನಗದು ಕೂಲಿಯ ಆಮಿಷವೂ ಇದೆ. ಕನಿಷ್ಠ ವೇತನಕ್ಕಿಂತ ಎಷ್ಟೋ ಕಡಿಮೆಗೆ, ಪೇ ಸ್ಲಿಪ್ ಇಲ್ಲದೆ ದುಡಿಸಿಕೊಳ್ಳುವವರಲ್ಲಿ ಭಾರತೀಯ ಮಾಲೀಕರೂ ಉಂಟು. ‘ನಮ್ಮವರು’ ಎಂಬ ನಂಬಿಕೆಗೆ ಅಲ್ಲಿ ಕೆಲವೊಮ್ಮೆ ದುಬಾರಿ ಬೆಲೆ ತೆರಬೇಕಾಗುತ್ತದೆ. 2015ರಲ್ಲಿ ಸೆವೆನ್ ಇಲೆವೆನ್ ಫ್ರಾಂಚೈಸಿ ಅಂಗಡಿಗಳು ವಿದೇಶಿ ವಿದ್ಯಾರ್ಥಿಗಳಿಗೆ ಕಡಿಮೆ ಕೂಲಿ ಕೊಡುತ್ತಿದ್ದುದನ್ನು ಎಬಿಸಿ ವಾಹಿನಿ ಬಯಲಿಗೆಳೆದ ಮೇಲೆ ಕಾನೂನು ಬಿಗಿಯಾಯಿತು. 2025ರ ಜನವರಿ 1ರಿಂದ ಬೇಕೆಂದೇ ಕೂಲಿ ಕಡಿತ ಮಾಡುವುದು ಕ್ರಿಮಿನಲ್ ಅಪರಾಧ. ಸಂಬಳ ಕೊಟ್ಟ ಒಂದು ಕೆಲಸದ ದಿನದೊಳಗೆ ಪೇ ಸ್ಲಿಪ್ ಕೊಡಲೇಬೇಕು. ‘ಫೇರ್ ವರ್ಕ್ ಓಂಬುಡ್ಸ್‌ಮನ್’ ಕಚೇರಿಗೆ ಯಾವ ವೀಸಾದವರೂ ದೂರು ಕೊಡಬಹುದು. ದುಡಿದ ಗಂಟೆಗಳನ್ನು ತಾವೇ ಬರೆದಿಟ್ಟುಕೊಂಡವರ ದೂರಿಗೆ ಬಲ ಹೆಚ್ಚು.

ಇನ್ನು ಬಾಡಿಗೆ. ವಾರಕ್ಕೆ 250 ಡಾಲರಿನ ಕೋಣೆಯನ್ನು ತಿಂಗಳಿಗೆ ಸಾವಿರ ಎಂದು ನಾಲ್ಕರಿಂದ ಗುಣಿಸಿಕೊಳ್ಳುವವರೇ ಹೆಚ್ಚು. ವರ್ಷಕ್ಕೆ 52 ವಾರ. 13,000 ಡಾಲರನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1,083 ಆಗುತ್ತದೆ. ವರ್ಷದಲ್ಲಿ ತಪ್ಪುವ ಲೆಕ್ಕ ಸಾವಿರ ಡಾಲರು, ಅಂದರೆ ನಾಲ್ಕು ವಾರದ ಬಾಡಿಗೆ. 28 ದಿನದ ಮೊಬೈಲ್ ರೀಚಾರ್ಜಿಗೆ ವರ್ಷದಲ್ಲಿ ಹದಿಮೂರು ಸಲ ದುಡ್ಡು ಕಟ್ಟುವ ಭಾರತೀಯರಿಗೆ ಈ ಮರ್ಮ ಗೊತ್ತಿರಬೇಕಿತ್ತು. ಆದರೂ ಬಾಡಿಗೆಯ ವಿಷಯದಲ್ಲಿ ಹೊಳೆಯುವುದಿಲ್ಲ.

ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಕೇಳಿ ಬೇಸತ್ತ ಬೆಂಗಳೂರಿನವರಿಗೆ ಒಂದು ಸಮಾಧಾನದ ಸಂಗತಿಯಿದೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಬಾಂಡ್ ಎಂದು ಕರೆಯುವ ಠೇವಣಿ ನಾಲ್ಕು ವಾರದ ಬಾಡಿಗೆಯನ್ನು ಮೀರುವಂತಿಲ್ಲ. ಅದು ಮನೆ ಮಾಲೀಕನ ಜೇಬಿಗೆ ಹೋಗದೆ ಸರ್ಕಾರದಲ್ಲಿ ಜಮೆಯಾಗಿರುತ್ತದೆ. ತೊಡಕು ಬರುವುದು ಹಂಚಿಕೊಂಡ ಮನೆಗಳಲ್ಲಿ. ಮನೆಯನ್ನು ತನ್ನ ಹೆಸರಿಗೆ ಹಿಡಿದವನು ಕೋಣೆಗಳನ್ನು, ಕೆಲವೊಮ್ಮೆ ಒಂದು ಕೋಣೆಯ ಅರ್ಧವನ್ನು, ಬೇರೆಯವರಿಗೆ ಕೊಡುತ್ತಾನೆ. ಬಾಂಡನ್ನು ಕೈಯಲ್ಲಿ ನಗದಾಗಿ ಇಸಿದುಕೊಳ್ಳುತ್ತಾನೆ. ಬರಹದಲ್ಲಿ ಕರಾರಿಲ್ಲದ ಇಂಥ ಬಾಡಿಗೆದಾರನಿಗೆ ಕಾನೂನಿನ ರಕ್ಷಣೆ ತೆಳು. ಒಂದು ಹಾಳೆಯ ಕರಾರು, ರಸೀತಿ, ಮನೆ ಸೇರಿದ ದಿನವೇ ತೆಗೆದಿಟ್ಟ ಗೋಡೆ ನೆಲದ ಫೋಟೊ, ಇವಿಷ್ಟಕ್ಕೆ ಒಂದು ಡಾಲರೂ ಖರ್ಚಿಲ್ಲ.

ಬಾಡಿಗೆಯನ್ನು ಒಮ್ಮೆ ಒಪ್ಪಿದ ಮೇಲೆ ಅಲುಗಿಸಲಾಗದು. ಆಡಿಸಲು ಬರುವುದು ಅಡುಗೆಮನೆಯ ಖರ್ಚನ್ನು. ಅಕ್ಕಿ, ಹಿಟ್ಟು, ತರಕಾರಿ, ಹಾಲಿನಂಥ ಮೂಲ ಆಹಾರಕ್ಕೆ ಶೇ 10ರ ಜಿಎಸ್‌ಟಿ ಇಲ್ಲ, ಬಿಸಿ ಮಾಡಿ ಮಾರುವ ಊಟಕ್ಕೆ ಇದೆ. ಅಡುಗೆ ಬಲ್ಲವರ ಕಡೆಗೆ ತೆರಿಗೆಯೇ ವಾಲಿದೆ. ನಗರಗಳಲ್ಲಿ ನಲ್ಲಿ ನೀರನ್ನು ನೇರವಾಗಿ ಕುಡಿಯಬಹುದು. ಕೋಲ್ಸ್, ವುಲ್‌ವರ್ತ್ಸ್ ಅಂಗಡಿಗಳ ರಿಯಾಯಿತಿ ಪಟ್ಟಿ ಬದಲಾಗುವುದು ಬುಧವಾರ. ಎಣ್ಣೆ, ಸೋಪು, ಟೂತ್‌ಪೇಸ್ಟ್, ಕಾಫಿಪುಡಿಯಂಥವು ಸರದಿಯ ಮೇಲೆ ಅರ್ಧ ಬೆಲೆಗೆ ಇಳಿಯುತ್ತವೆ. ಇಳಿದ ವಾರ ಎರಡು ಕೊಂಡಿಟ್ಟುಕೊಂಡರೆ ಪೂರ್ತಿ ಬೆಲೆ ತೆರುವ ಪ್ರಮೇಯ ಬಾರದು. ಬೆಲೆಚೀಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 100 ಗ್ರಾಮಿಗೋ ಲೀಟರಿಗೋ ಎಷ್ಟು ಎಂಬ ಅಂಕಿ ಇರುತ್ತದೆ. ದೊಡ್ಡ ದಿನಸಿ ಅಂಗಡಿಗಳಿಗೆ 2009ರಿಂದ ಇದು ಕಡ್ಡಾಯ. ದೊಡ್ಡ ಅಕ್ಷರದ ಬೆಲೆಯನ್ನು ಬಿಟ್ಟು ಆ ಸಣ್ಣ ಅಕ್ಷರ ಓದುವುದನ್ನು ರೂಢಿಸಿಕೊಂಡವರೇ ಜಾಣರು. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗವಲ್ಲ ಎಂಬುದು ಆಗ ತಿಳಿಯುತ್ತದೆ.

ಸೋನಾ ಮಸೂರಿ ಅಕ್ಕಿ, ತೊಗರಿಬೇಳೆ, ಸಾಸಿವೆ, ಇಂಗು ಬೇಕೆಂದರೆ ಸಿಡ್ನಿಯ ಹ್ಯಾರಿಸ್ ಪಾರ್ಕ್, ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನಂಥ ಕಡೆಯ ಭಾರತೀಯ ಅಂಗಡಿಗಳಿಗೆ ಹೋಗಬೇಕು. ನಾಲ್ವರು ಸೇರಿ ತಿಂಗಳಿಗೊಮ್ಮೆ ಮೂಟೆ ಲೆಕ್ಕದಲ್ಲಿ ತಂದರೆ ಹೋಗಿಬರುವ ಖರ್ಚೂ ಹಂಚಿಹೋಗುತ್ತದೆ. ತರಕಾರಿಗೆ ಸಿಡ್ನಿಯ ಪ್ಯಾಡೀಸ್ ಮಾರ್ಕೆಟ್, ಮೆಲ್ಬರ್ನ್‌ನ ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ ಇವೆ. ಅಲ್ಲೂ ನಮ್ಮ ಸಂತೆಯ ನಿಯಮವೇ: ಅಂಗಡಿ ಎತ್ತುವ ಹೊತ್ತಿಗೆ ಕೂಗಿನ ದನಿ ಏರುತ್ತದೆ, ಬೆಲೆ ಇಳಿಯುತ್ತದೆ. ಒಂದು ಡಬ್ಬಿ ಟೊಮೆಟೊ ಮಿಗಿಸಿಕೊಂಡು ಹೋಗುವುದಕ್ಕಿಂತ ಸಿಕ್ಕಷ್ಟಕ್ಕೆ ಕೊಟ್ಟು ಕೈ ತೊಳೆದುಕೊಳ್ಳುವುದು ವ್ಯಾಪಾರಿಗೆ ಲೇಸು. ಹಾಗೆ ಬಂದ ಟೊಮೆಟೊ ವಾರವಿಡೀ ಸಾರು, ಗೊಜ್ಜು, ಟೊಮೆಟೊ ಬಾತ್ ಆಗುತ್ತದೆ. ಮೂರು ಲೀಟರಿನ ಕ್ಯಾನಿನಲ್ಲಿ ಬರುವ ಹಾಲಿಗೆ ಹೆಪ್ಪು ಹಾಕಿಕೊಂಡರೆ ಮೊಸರನ್ನದ ಖರ್ಚು ಹೆಚ್ಚುಕಡಿಮೆ ಇಲ್ಲವೆಂದೇ ಹೇಳಬಹುದು. ಚಳಿಗಾಲದ ಜುಲೈಯಲ್ಲಿ ಹೆಪ್ಪು ಹಿಡಿಯಲು ಮಾತ್ರ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿಡಬೇಕಾಗುತ್ತದೆ.

ಕೈ ಪೂರ್ತಿ ಖಾಲಿಯಾದ ವಾರಕ್ಕೂ ದಾರಿಗಳಿವೆ. ಗುರುದ್ವಾರಗಳ ಲಂಗರಿನಲ್ಲಿ ಯಾರು, ಎಲ್ಲಿಯವರು ಎಂದು ಕೇಳದೆ ಊಟ ಬಡಿಸುತ್ತಾರೆ. 2004ರಲ್ಲಿ ರೋನಿ ಕಾನ್ ಶುರುಮಾಡಿದ ಓಜ್‌ಹಾರ್ವೆಸ್ಟ್ ಸಂಸ್ಥೆ, ಅಂಗಡಿ ಹೋಟೆಲುಗಳಲ್ಲಿ ಮಿಕ್ಕ ಒಳ್ಳೆಯ ಆಹಾರವನ್ನು ಸಂಗ್ರಹಿಸಿ ಬೇಕಾದವರಿಗೆ ತಲುಪಿಸುತ್ತದೆ. ಹಲವು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆಂದೇ ದಿನಸಿ ಕಪಾಟುಗಳಿವೆ. ಇವುಗಳ ಬಾಗಿಲಿಗೆ ಹೋಗಲು ಸಂಕೋಚಪಟ್ಟು ಎರಡು ಹೊತ್ತು ನೂಡಲ್ಸ್ ತಿಂದು ಮಲಗುವವರೇ ಆಮೇಲೆ ಕಾಯಿಲೆ ಬಿದ್ದು ಶಿಫ್ಟ್ ಕಳೆದುಕೊಳ್ಳುತ್ತಾರೆ.

ಓಡಾಟದ ಖರ್ಚು ಊರಿನಿಂದ ಊರಿಗೆ ಅಜಗಜಾಂತರ. ಸಿಡ್ನಿಯ ಓಪಲ್ ಕಾರ್ಡಿನಲ್ಲಿ ವಯಸ್ಕರಿಗೆ ಸೋಮವಾರದಿಂದ ಭಾನುವಾರದವರೆಗೆ 50 ಡಾಲರಿನ ಮಿತಿಯಿದೆ, ಅದು ತಲುಪಿದ ಮೇಲೆ ಉಳಿದ ಪ್ರಯಾಣಕ್ಕೆ ದುಡ್ಡು ಕಡಿತವಾಗದು. ಪೂರ್ಣ ಶುಲ್ಕ ಕಟ್ಟಿ ಓದುವ ವಿದೇಶಿ ವಿದ್ಯಾರ್ಥಿಗೆ ಆ ರಾಜ್ಯದಲ್ಲಿ ಸಾಮಾನ್ಯವಾಗಿ ರಿಯಾಯಿತಿ ಕಾರ್ಡ್ ಸಿಗುವುದಿಲ್ಲ. ಕ್ವೀನ್ಸ್‌ಲ್ಯಾಂಡ್‌ನಲ್ಲಿ 2024ರ ಆಗಸ್ಟ್ 5ರಿಂದ ಸರ್ಕಾರಿ ಬಸ್ಸು, ರೈಲು, ದೋಣಿ ಯಾವುದೇ ಇರಲಿ, ಒಂದು ಪ್ರಯಾಣಕ್ಕೆ 50 ಸೆಂಟ್. ಬ್ರಿಸ್ಬೇನ್‌ನಲ್ಲಿ ವಾರಕ್ಕೆ ಐದು ದಿನ ಕೆಲಸಕ್ಕೆ ಹೋಗಿಬರಲು 5 ಡಾಲರ್ ಸಾಕು. ಯಾವ ಊರಿಗೆ ಹೋಗುವುದೆಂದು ತೀರ್ಮಾನಿಸುವಾಗ ಕಾಲೇಜಿನ ಹೆಸರು ನೋಡುವಷ್ಟು ಶ್ರದ್ಧೆಯಿಂದ ಬಸ್ ಚಾರ್ಜನ್ನೂ ನೋಡಬೇಕು. ನೋಡುವವರು ಕಡಿಮೆ.

ಹಿಗ್ಗಿನ್ಸರ ಪಟ್ಟಿಯ ಹೊರಗಿದ್ದ ಬಾಬತ್ತುಗಳು ಈಗಲೂ ಹೊರಗೇ ಇವೆ. ಕರೆಂಟು, ಗ್ಯಾಸಿನ ಬಿಲ್ಲು ಮೂರು ತಿಂಗಳಿಗೊಮ್ಮೆ ಬರುವುದು ವಾಡಿಕೆ. ಜೂನ್‌ನಿಂದ ಆಗಸ್ಟ್‌ವರೆಗೆ ಹೀಟರ್ ಉರಿಸಿದ ಬಿಲ್ಲು ಬರುವಾಗ ಚಳಿ ಮರೆತುಹೋಗಿರುತ್ತದೆ. ಆರೋಗ್ಯ ವಿಮೆಯ ನವೀಕರಣ, ಊರಿಗೆ ಹೋಗುವ ಟಿಕೆಟ್, ವೀಸಾ ಶುಲ್ಕ ಇವೂ ಹಾಗೆಯೇ ಒಮ್ಮೆಲೇ ಮೇಲೆರಗುತ್ತವೆ. ಇದಕ್ಕೆ ಅಜ್ಜಿಯರ ಸಾಸಿವೆ ಡಬ್ಬಿಯೇ ಮದ್ದು. ಅಲ್ಲಿನ ಬ್ಯಾಂಕುಗಳ ಆ್ಯಪ್‌ನಲ್ಲಿ ಇನ್ನೊಂದು ಉಳಿತಾಯ ಖಾತೆ ತೆರೆದು, ಸಂಬಳ ಬಿದ್ದ ದಿನವೇ 20–30 ಡಾಲರು ಅದಕ್ಕೆ ತಾನಾಗಿ ಹೋಗುವಂತೆ ಮಾಡಿಬಿಟ್ಟರೆ ಬಿಲ್ಲಿಗೆ ಹೆದರಬೇಕಿಲ್ಲ. ಕೋಟು, ಪಾತ್ರೆ, ಪುಸ್ತಕಗಳಿಗೆ ‘ಆಪ್ ಶಾಪ್’ ಎಂದು ಕರೆಯುವ ದತ್ತಿ ಅಂಗಡಿಗಳಿವೆ. ಕೌನ್ಸಿಲ್‌ನವರು ಹಳೆಯ ಸಾಮಾನು ಒಯ್ಯುವ ದಿನ ಜನ ಮೇಜು, ಕುರ್ಚಿ, ಮಂಚಗಳನ್ನು ಮನೆಯ ಮುಂದೆ ತಂದಿಡುತ್ತಾರೆ. ವಿದ್ಯಾರ್ಥಿಗಳ ಕೋಣೆಯ ಮೇಜಿಗೆ ಬಹಳ ಸಲ ಅದೇ ತವರು. ಹಾಸಿಗೆಯನ್ನು ಮಾತ್ರ ಹಾಗೆ ತರಬಾರದು, ತಿಗಣೆ ಜೊತೆಗೆ ಬರುತ್ತದೆ.

ಹೊಸದಾಗಿ ಹೋದವರನ್ನು ಕಾಡುವ ಇನ್ನೊಂದು ಚಾಳಿ ರೂಪಾಯಿಗೆ ಗುಣಿಸುವುದು. ಐದು ಡಾಲರಿನ ಕಾಫಿ ರೂಪಾಯಿಯಲ್ಲಿ ಎದೆ ಒಡೆಯುವಂತೆ ಕಾಣುತ್ತದೆ, 450 ಡಾಲರಿನ ಸಂಬಳ ಸಾಹುಕಾರನ ಗಳಿಕೆಯಂತೆ ಕಾಣುತ್ತದೆ. ಎರಡೂ ಭ್ರಮೆ. ಗಳಿಸುವುದೂ ಕಳೆಯುವುದೂ ಡಾಲರಿನಲ್ಲಿ ಆಗಿರುವಾಗ ಸರಿಯಾದ ಅಳತೆ ದುಡಿಮೆಯ ಹೊತ್ತು. ಆ ಕಾಫಿ ಸುಮಾರು ಹತ್ತು ನಿಮಿಷದ ಕೂಲಿ, ವಾರದ ಬಾಡಿಗೆ ಎಂಟು ಗಂಟೆಯದು. ರೂಪಾಯಿಯ ಲೆಕ್ಕ ಬೇಕಾಗುವುದು ಊರಿಗೆ ಹಣ ಕಳಿಸುವಾಗ. ಶಿಕ್ಷಣ ಸಾಲದ ಕಂತು ಅಪ್ಪನ ಬ್ಯಾಂಕಿನಲ್ಲಿ ತಿಂಗಳಿಗೊಮ್ಮೆ ಹೋಗುತ್ತದೆ, ಮಗಳ ಸಂಬಳ ವಾರಕ್ಕೊಮ್ಮೆ ಬರುತ್ತದೆ. ಪ್ರತಿ ಸಲದ ರವಾನೆಗೂ ನಿಗದಿತ ಶುಲ್ಕವಿದ್ದರೆ ವಾರವಾರ ಕಳಿಸುವುದು ನಷ್ಟ. ಕೂಡಿಟ್ಟು ತಿಂಗಳಿಗೊಮ್ಮೆ ಕಳಿಸುವುದು ಮೇಲು. ವಾರದ ಶಿಸ್ತಿಗೆ ಇದೊಂದು ಅಪವಾದ. ‘ಶುಲ್ಕವಿಲ್ಲ’ ಎನ್ನುವವರು ವಿನಿಮಯ ದರದಲ್ಲಿ ಮುರಿದುಕೊಳ್ಳುವುದೂ ಉಂಟು. ಕೊನೆಗೆ ಕೈಗೆ ಎಷ್ಟು ರೂಪಾಯಿ ಬರುತ್ತದೆ ಎಂಬ ಒಂದೇ ಅಂಕಿಯನ್ನು ಹೋಲಿಸಿ ನೋಡಬೇಕು.

ವಾರದ ಪೇ ಸ್ಲಿಪ್ಪಿನಲ್ಲಿ ಕಂಡರೂ ಕೈಗೆ ಬಾರದ ಒಂದು ಮೊತ್ತವಿದೆ: ಸೂಪರ್‌ಆ್ಯನ್ಯುಯೇಶನ್, ನಮ್ಮ ಪಿ.ಎಫ್. ಇದ್ದಂತೆ. ಮಾಲೀಕ ಸಂಬಳದ ಮೇಲೆ ಇನ್ನೂ ಶೇ 12ರಷ್ಟನ್ನು (2025ರ ಜುಲೈಯಿಂದಿರುವ ದರ) ಕೆಲಸಗಾರನ ನಿವೃತ್ತಿ ನಿಧಿಗೆ ಕಟ್ಟಬೇಕು. ತಾತ್ಕಾಲಿಕ ವೀಸಾದವರು ದೇಶ ಬಿಟ್ಟು, ವೀಸಾ ಮುಗಿದ ಮೇಲೆ ಅರ್ಜಿ ಹಾಕಿ ಅದನ್ನು ಪಡೆಯಬಹುದು. ವಿದ್ಯಾರ್ಥಿಯಾಗಿದ್ದವರಿಗೆ ಅದರ ಮೇಲೆ ಸಾಮಾನ್ಯವಾಗಿ ಶೇ 35 ತೆರಿಗೆ. ವರ್ಕ್ ಅಂಡ್ ಹಾಲಿಡೇ ವೀಸಾದವರಿಗೆ ಶೇ 65. ಎರಡು ಮೂರು ಕಡೆ ದುಡಿದವರ ಹಣ ಎರಡು ಮೂರು ನಿಧಿಗಳಲ್ಲಿ ಚದುರಿ, ಪ್ರತಿಯೊಂದರಲ್ಲೂ ನಿರ್ವಹಣಾ ಶುಲ್ಕಕ್ಕೆ ಕರಗುತ್ತಿರುತ್ತದೆ. ಆದ್ದರಿಂದ ಮೊದಲ ಕೆಲಸದಲ್ಲಿ ತೆರೆದ ನಿಧಿಯ ಸಂಖ್ಯೆಯನ್ನೇ ಮುಂದಿನ ಮಾಲೀಕರಿಗೂ ಕೊಡಬೇಕು. ಹಣ ಹಿಂಪಡೆಯುವ ಅರ್ಜಿಗೆ ಪಾಸ್‌ಪೋರ್ಟ್ ಮತ್ತು ವೀಸಾ ವಿವರ, ತೆರಿಗೆ ಸಂಖ್ಯೆ, ನಿಧಿಯ ಸದಸ್ಯ ಸಂಖ್ಯೆ ಬೇಕು. ಆಸ್ಟ್ರೇಲಿಯಾದ ಸಿಮ್ ಬಂದ್ ಆಗುವ ಮೊದಲೇ ಖಾತೆಯ ಲಾಗಿನ್ ಅನ್ನು ಇಮೇಲ್‌ಗೆ ಬದಲಾಯಿಸಿಕೊಳ್ಳದಿದ್ದರೆ, ಒಟಿಪಿ ಅಲ್ಲಿಯ ನಂಬರಿಗೆ ಹೋಗುತ್ತದೆ, ಹಣದ ಒಡೆಯ ಹಾಸನದಲ್ಲಿರುತ್ತಾನೆ.