ಹೊರೆ ಬಿದ್ದೊಡನೆ ನಿಲ್ಲುವ ಹಳೆಯ ಪಂಪ್ ಎಂಜಿನ್

ಫೆಬ್ರವರಿ, ಮಾರ್ಚ್ ತಿಂಗಳು ಬಂತೆಂದರೆ ಬೆಳಗೋಡು ಹೋಬಳಿಯ ಹಳ್ಳ, ಕೆರೆಗಳ ದಡದಿಂದ ಒಂದೇ ಬಗೆಯ ದೂರು ಬರುತ್ತದೆ. ಹಗ್ಗ ಎಳೆದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ. ಸ್ಲೋದಲ್ಲಿ ಬಿಟ್ಟರೆ ಎಷ್ಟು ಹೊತ್ತು ಬೇಕಾದರೂ ಓಡುತ್ತದೆ. ಆದರೆ ಪಂಪು ನೀರು ಹಿಡಿದು ಸ್ಪ್ರಿಂಕ್ಲರುಗಳು ತಿರುಗಲು ತೊಡಗಿದೊಡನೆ ಏದುಸಿರು ಬಿಟ್ಟು ನಿಂತುಹೋಗುತ್ತದೆ. ಮೆಕ್ಯಾನಿಕ್ ಬಂದು ಕಾರ್ಬೊರೇಟರ್ ಬಿಚ್ಚಿ, ತೊಳೆದು, ಜೋಡಿಸಿ, ಸ್ಲೋದಲ್ಲಿ ಓಡಿಸಿ ತೋರಿಸಿ ಹೋಗುತ್ತಾರೆ. ಮರುದಿನ ಮತ್ತೆ ಅದೇ ಕತೆ.

ಇದು ರಿಪೇರಿ ಖರ್ಚಿನ ಮಾತು ಮಾತ್ರವಲ್ಲ. ರೊಬಸ್ಟಾ ಮೊಗ್ಗು ಅರಳಲು ಒಂದೇ ಸಲಕ್ಕೆ ಸುಮಾರು ಒಂದರಿಂದ ಒಂದೂವರೆ ಇಂಚು ನೀರು ಬೇಕು. ಅರ್ಧ ಇಂಚಿಗೇ ಎಂಜಿನ್ ನಿಂತು ಎರಡು ದಿನ ಕಳೆದರೆ ಮೊಗ್ಗು ಪೂರ್ತಿ ಅರಳದೆ ಗುಲಾಬಿ ಬಣ್ಣಕ್ಕೆ ತಿರುಗಿ ಉಳಿಯುವುದುಂಟು. ಅಂತಹ ಗೊಂಚಲಿನಲ್ಲಿ ಕಾಯಿ ನಿರೀಕ್ಷಿಸುವಂತಿಲ್ಲ. ಎರಡು ಮೂರು ಎಕರೆಯ ಬೆಳೆಗಾರನಿಗೆ ಬದಲಿ ಪಂಪ್‌ಸೆಟ್ ಇರುವುದಿಲ್ಲ. ಆದುದರಿಂದ ದೋಷವನ್ನು ತಾನೇ ಗುರುತಿಸಿಕೊಳ್ಳುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಬಿಚ್ಚುವ ಕೆಲಸವನ್ನು ಆಮೇಲೆ ಯಾರಾದರೂ ಮಾಡಲಿ.

ಸ್ಪ್ಯಾನರ್ ಹಿಡಿಯುವ ಮೊದಲು ಎಂಜಿನ್ ಹೇಗೆ ನಿಂತಿತು ಎಂಬುದನ್ನು ಗಮನಿಸಬೇಕು. ಕೆಮ್ಮುತ್ತಾ, ತಡವರಿಸುತ್ತಾ, ಒಮ್ಮೆ ಏರಿ ಒಮ್ಮೆ ಇಳಿದು ನಿಂತರೆ ಎಣ್ಣೆ ಸಾಲದೆ ನಿಂತಿದೆ. ಸ್ವಿಚ್ ಆರಿಸಿದಂತೆ ಫಕ್ಕನೆ ನಿಂತರೆ ಕಿಡಿ ತಪ್ಪಿದೆ. ಕಪ್ಪು ಹೊಗೆ ಬಿಡುತ್ತಾ ನರಳಿ ನಿಧಾನವಾಗಿ ನಿಂತರೆ ಹೊರೆ ಹೆಚ್ಚಾಗಿದೆ, ಇಲ್ಲವೇ ಗಾಳಿ ಸಾಲದಾಗಿದೆ. ಈ ಮೂರು ಬಗೆಯನ್ನು ಬೇರ್ಪಡಿಸಿದರೆ ಅರ್ಧ ಕೆಲಸ ಮುಗಿದಂತೆ.

ಎಂಜಿನ್ನನ್ನು ದೂರುವ ಮೊದಲು ಪಂಪನ್ನು ನೋಡತಕ್ಕದ್ದು. ಸೆಂಟ್ರಿಫ್ಯೂಗಲ್ ಪಂಪಿನ ವಿಚಾರದಲ್ಲಿ ಅನೇಕರಿಗೆ ತಪ್ಪು ತಿಳಿವಳಿಕೆಯಿದೆ. ನೀರು ಹೋಗುವ ದಾರಿಯನ್ನು ಕಟ್ಟಿದರೆ ಪಂಪಿಗೆ ಕಷ್ಟ, ಬಿಟ್ಟರೆ ಸುಲಭ ಎಂದು ತಿಳಿಯುತ್ತಾರೆ. ನಿಜ ಸಂಗತಿ ತಿರುಗುಮುರುಗು. ಈ ಪಂಪು ಹೆಚ್ಚು ನೀರು ಎತ್ತಿದಷ್ಟೂ ಹೆಚ್ಚು ಶಕ್ತಿ ಕೇಳುತ್ತದೆ. ಪೈಪಿನ ಜಾಯಿಂಟ್ ಬಿಟ್ಟು ನೀರು ಹರಿದುಹೋಗುತ್ತಿದ್ದರೆ, ಇಲ್ಲವೇ ಸ್ಪ್ರಿಂಕ್ಲರ್ ನಾಜಲ್ ಸವೆದಿದ್ದರೆ ಹೊರೆ ಏರುತ್ತದೆ. 4 ಮಿ.ಮೀ. ತೂತು ಮರಳು ಉಜ್ಜಿ 5 ಮಿ.ಮೀ. ಆದರೆ ಅದರ ವಿಸ್ತಾರ ಒಂದೂವರೆ ಪಟ್ಟು ಮೀರುತ್ತದೆ. ಆದುದರಿಂದ ಎಂಜಿನ್ ನರಳಲು ತೊಡಗಿದಾಗ ಡೆಲಿವರಿ ಗೇಟ್ ವಾಲ್ವನ್ನು ಅರ್ಧ ಮುಚ್ಚಿ ನೋಡಬೇಕು. ಎಂಜಿನ್ ಸುಧಾರಿಸಿಕೊಂಡರೆ ಎರಡು ಸ್ಪ್ರಿಂಕ್ಲರ್ ಕಡಿಮೆ ಮಾಡಿ ಅಂದಿನ ನೀರು ಮುಗಿಸಬಹುದು. ಸ್ಟಾರ್ಟ್ ಮಾಡುವಾಗಲೂ ಈ ವಾಲ್ವನ್ನು ಮುಚ್ಚಿಟ್ಟು, ಎಂಜಿನ್ ಬಿಸಿಯಾದ ಮೇಲೆ ಮೆಲ್ಲನೆ ತೆರೆಯತಕ್ಕದ್ದು. ಗ್ಲ್ಯಾಂಡ್ ಡೋರಿಯನ್ನು ತೀರ ಬಿಗಿ ಮಾಡಿದ್ದರೂ ಹೊರೆಯೇ. ಅಲ್ಲಿಂದ ಹನಿಹನಿಯಾಗಿ ನೀರು ತೊಟ್ಟಿಕ್ಕುತ್ತಿರಬೇಕು.

ನಮ್ಮ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪ್ರತಿ ಸಾವಿರ ಅಡಿಗೆ ಎಂಜಿನ್ ಶಕ್ತಿ ನೂರಕ್ಕೆ ಮೂರರಷ್ಟು ಇಳಿಯುತ್ತದೆ. ಸಕಲೇಶಪುರದ ಸುತ್ತಿನ ಸುಮಾರು 3,000 ಅಡಿಯಲ್ಲಿ 5 ಅಶ್ವಶಕ್ತಿಯ ಹೊಸ ಎಂಜಿನ್ ಕೂಡ ನಾಲ್ಕೂವರೆಯಷ್ಟೇ ಕೊಡುತ್ತದೆ. ಹಳೆಯದರ ಮಾತು ಹೇಳಬೇಕಾಗಿಲ್ಲ.

ಪಂಪಿನದು ತಪ್ಪಿಲ್ಲವೆಂದಾದರೆ ಎಣ್ಣೆಯ ದಾರಿಗೆ ಬರೋಣ. ಹೆಚ್ಚಿನ ದೋಷಗಳು ಇಲ್ಲಿಯೇ ಇರುತ್ತವೆ. ಸ್ಲೋದಲ್ಲಿ ಓಡುವ ಎಂಜಿನ್ ಹೊರೆಯಲ್ಲಿ ಏಕೆ ನಿಲ್ಲುತ್ತದೆ? ಕಾರ್ಬೊರೇಟರಿನಲ್ಲಿ ಸ್ಲೋ ಓಟಕ್ಕೆ ಎಣ್ಣೆ ಬರುವ ಸಣ್ಣ ದಾರಿ ಬೇರೆ, ಹೊರೆಗೆ ಬರುವ ಮೇನ್ ಜೆಟ್ಟಿನ ದಾರಿ ಬೇರೆ. ಸಣ್ಣ ದಾರಿ ಶುದ್ಧವಾಗಿದ್ದು ಮೇನ್ ಜೆಟ್ಟಿನಲ್ಲಿ ಕಸ ಕೂತಿದ್ದರೆ ಸ್ಲೋದಲ್ಲಿ ದೋಷ ಕಾಣಿಸುವುದೇ ಇಲ್ಲ. ಸ್ಲೋದಲ್ಲಿ ಓಡಿಸಿ ತೋರಿಸುವ ರಿಪೇರಿಗೆ ಬೆಲೆಯಿಲ್ಲದಿರುವುದು ಇದಕ್ಕಾಗಿಯೇ. ಮಲ್ಪೆ, ಗಂಗೊಳ್ಳಿ ಕಡೆಯ ನಾಡದೋಣಿಗಳಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನಿಗೂ ಇದೇ ಕಾಯಿಲೆ ಬರುತ್ತದೆ: ದಡದಲ್ಲಿ ಚೆನ್ನಾಗಿ ಓಡಿದ್ದು ಅಲೆಗೆ ಎದುರಾದೊಡನೆ ನಿಲ್ಲುತ್ತದೆ.

ಪರೀಕ್ಷೆ ಸುಲಭ. ಹೊರೆಯಲ್ಲಿ ಎಂಜಿನ್ ತಡವರಿಸಿದ ಕೂಡಲೇ ಚೋಕನ್ನು ಅರ್ಧ ಎಳೆಯಿರಿ. ಚೇತರಿಸಿಕೊಂಡರೆ ಎಣ್ಣೆ ಸಾಲುತ್ತಿಲ್ಲ ಎಂದು ಖಚಿತ. ಇನ್ನಷ್ಟು ಕಪ್ಪು ಹೊಗೆಯಾಡಿ ಬೇಗ ನಿಂತರೆ ಎಣ್ಣೆ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ತೆಗೆದು ನೋಡಬೇಕು.

ಎಣ್ಣೆ ಸಾಲದೆಂದು ತಿಳಿದಾಗಲೂ ಕಾರ್ಬೊರೇಟರಿಗೆ ಕೈಹಾಕುವ ಅವಸರ ಬೇಡ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಸೇರಲು ಸೂಜಿಯಷ್ಟು ತೂತಿರುತ್ತದೆ. ಧೂಳು, ಎಣ್ಣೆ ಸೇರಿ ಅದು ಮುಚ್ಚಿದರೆ ಹತ್ತು ಹದಿನೈದು ನಿಮಿಷ ಓಡಿ ನಿಲ್ಲುವುದು, ಸ್ವಲ್ಪ ತಡೆದು ಮತ್ತೆ ಸ್ಟಾರ್ಟ್ ಆಗುವುದು ನಡೆಯುತ್ತದೆ. ಮುಚ್ಚಳ ಸಡಿಲಿಸಿದೊಡನೆ ಸರಿಹೋದರೆ ರಿಪೇರಿಗೆ ಒಂದು ಗುಂಡುಸೂಜಿ ಸಾಕು. ಆಮೇಲೆ, ಎಂಜಿನ್ ಆರಿದ ಮೇಲೆ, ಕಾರ್ಬೊರೇಟರ್ ಕಡೆಯಲ್ಲಿ ಪೈಪು ಕಳಚಿ, ಕೆಳಗೆ ಗಾಜಿನ ಬಾಟಲಿ ಹಿಡಿದು ಕಾಕ್ ತೆರೆಯಬೇಕು. ಹತ್ತಿರ ಬೀಡಿ ಇರಕೂಡದು. ಎಣ್ಣೆ ಒಂದೇ ಸಮನೆ ಧಾರೆಯಾಗಿ ಬೀಳಬೇಕು. ಹನಿಹನಿಯಾದರೆ ಕಾಕಿನ ಜಾಲರಿ ಕಟ್ಟಿದೆ. ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಮೇನ್ ಜೆಟ್ ಬಿಚ್ಚುವುದು. ಅದನ್ನು ತಂತಿಯಿಂದ ತಿವಿಯಲೇಬಾರದು. ಹಿತ್ತಾಳೆಯ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಮಿಶ್ರಣ ಶಾಶ್ವತವಾಗಿ ಕೆಡುತ್ತದೆ. ಪೆಟ್ರೋಲಿನಲ್ಲಿ ನೆನೆಸಿ ಸೈಕಲ್ ಪಂಪಿನಿಂದ ಗಾಳಿ ಊದಿದರೆ ಸಾಕು.

ಬಾಟಲಿಗೆ ಹಿಡಿದ ಪೆಟ್ರೋಲನ್ನು ಹತ್ತು ನಿಮಿಷ ಅಲುಗಿಸದೆ ಇಟ್ಟು ನೋಡಿರಿ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು ಕುಡಿದ ಎಥನಾಲ್. 2023ರಿಂದ ನಮ್ಮ ಬಂಕುಗಳಿಗೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್ ಬರತೊಡಗಿದೆ. ಎಥನಾಲ್ ತೇವವನ್ನು ಹೀರುತ್ತದೆ; ಹೀರಿದ್ದು ಹೆಚ್ಚಾದರೆ ನೀರಿನೊಂದಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು ಶೆಡ್ಡಿನಲ್ಲಿ ಕುಳಿತ ಎಂಜಿನ್ನಿನ ಗತಿ ಇದು. ಹಳೆಯ ರಬ್ಬರ್ ಪೈಪು, ವಾಷರುಗಳನ್ನೂ ಎಥನಾಲ್ ಮೆತ್ತಗೆ ಮಾಡುತ್ತದೆ. ಅದರ ಚೂರುಗಳೇ ಜೆಟ್ಟಿಗೆ ಹೋಗಿ ಕೂರುತ್ತವೆ. ಹಳೆಯ ಪೆಟ್ರೋಲಿಗೆಂದು ಕೊರೆದ ಜೆಟ್ಟಿನಲ್ಲಿ ಮಿಶ್ರಣವೂ ತುಸು ತೆಳುವಾಗುತ್ತದೆ. ಪೈಪುಗಳನ್ನು ಹೊಸ ಪೆಟ್ರೋಲಿಗೆ ತಡೆಯುವಂತಹವಕ್ಕೆ ಬದಲಾಯಿಸಿ, ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್ ಬಟ್ಟಲು ಒಣಗುವವರೆಗೆ ಎಂಜಿನ್ ಓಡಿಸಿ ಇಡುವುದು ಲೇಸು.

ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಎಂಜಿನ್ನುಗಳು ಕೆಲವರಲ್ಲಿ ಇನ್ನೂ ಇವೆ. ಪಡಿತರದ ಸೀಮೆಎಣ್ಣೆ ಅಪರೂಪವಾದರೂ ಎಲ್ಲಿಂದಲೋ ತರಿಸುತ್ತಾರೆ! ಎಂಜಿನ್ ಚೆನ್ನಾಗಿ ಕಾಯುವ ಮೊದಲೇ ಕಾಕ್ ತಿರುಗಿಸಿದರೆ ಸೀಮೆಎಣ್ಣೆ ಆವಿಯಾಗದೆ ಹೊರೆಯಲ್ಲಿ ನಿಲ್ಲುತ್ತದೆ. ಅಷ್ಟೇ ಅಲ್ಲ, ಉರಿಯದ ಎಣ್ಣೆ ಪಿಸ್ಟನ್ ಪಕ್ಕದಿಂದ ಕೆಳಗಿಳಿದು ಎಂಜಿನ್ ಆಯಿಲ್ ನೀರಾಗುತ್ತದೆ. ಆಯಿಲ್ ಮಟ್ಟ ತಾನಾಗಿ ಏರಿದ್ದು ಕಂಡರೆ ಸಂತೋಷಪಡದೆ ಕೂಡಲೇ ಬದಲಿಸಬೇಕು.

ಇನ್ನು ಕಿಡಿಯ ವಿಷಯ. ಹೊರೆಯಲ್ಲಿ ಓಡಿಸಿ, ಅಲ್ಲಿಯೇ ಆರಿಸಿ, ತಣಿದ ಮೇಲೆ ಪ್ಲಗ್ ಬಿಚ್ಚಿದರೆ ತುದಿ ಹುರಿದ ಕಾಫಿಪುಡಿಯ ಬಣ್ಣದಲ್ಲಿರಬೇಕು. ಬೂದಿಯಂತೆ ಬೆಳ್ಳಗಿದ್ದರೆ ಎಣ್ಣೆ ಸಾಲದು, ಮಸಿಯಂತಿದ್ದರೆ ಹೆಚ್ಚು. ಅಂತರ ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ. ಪಾಯಿಂಟ್ ಇರುವ ಹಳೆಯ ಎಂಜಿನ್ನಿನಲ್ಲಿ ಪಾಯಿಂಟ್ ಸುಟ್ಟಿರಬಹುದು. ಅರ್ಧ ಗಂಟೆ ಓಡಿ ಫಕ್ಕನೆ ನಿಂತು, ತಣಿದ ಮೇಲಷ್ಟೇ ಸ್ಟಾರ್ಟ್ ಆಗುವುದಾದರೆ ಕಾಯಿಲ್ ಅಥವಾ ಕಂಡೆನ್ಸರ್ ಬಿಸಿಗೆ ಸೋಲುತ್ತಿದೆ. ನಿಂತ ಕ್ಷಣದಲ್ಲೇ ಕಿಡಿ ಪರೀಕ್ಷಿಸಬೇಕು, ತಣಿದ ಮೇಲೆ ಪರೀಕ್ಷಿಸಿ ಪ್ರಯೋಜನವಿಲ್ಲ.

ಹಗ್ಗ ಎಳೆಯುವಾಗ ಹಿಡಿತವೇ ಇಲ್ಲದಿದ್ದರೆ ರಿಂಗ್ ಅಥವಾ ವಾಲ್ವ್ ಹೋಗಿದೆ. ಅದು ವರ್ಕ್‌ಶಾಪಿನ ಕೆಲಸ.

ಅಡಿಕೆಗೆ ಬೋರ್ಡೋ ಹೊಡೆಯುವ ಸಮಯಕ್ಕೆ ಇದೇ ಎಂಜಿನ್ನನ್ನು ಪಿಸ್ಟನ್ ಪಂಪಿಗೆ ಜೋಡಿಸುವವರು ಒಂದು ವ್ಯತ್ಯಾಸ ನೆನಪಿಡಬೇಕು. ಮೇಲೆ ಹೇಳಿದ ಗೇಟ್ ವಾಲ್ವ್ ಪರೀಕ್ಷೆ ಅಲ್ಲಿ ಸಲ್ಲದು. ಪಿಸ್ಟನ್ ಪಂಪಿನಲ್ಲಿ ಒತ್ತಡ ಏರಿದಷ್ಟೂ ಹೊರೆ ಏರುತ್ತದೆ; ದಾರಿ ಮುಚ್ಚಿದರೆ ಎಂಜಿನ್ ನಿಲ್ಲುತ್ತದೆ, ಇಲ್ಲವೇ ಹೋಸ್ ಒಡೆಯುತ್ತದೆ. ಅಲ್ಲಿ ಒತ್ತಡದ ರೆಗ್ಯುಲೇಟರ್ ಸ್ಪ್ರಿಂಗನ್ನು ಸಡಿಲಿಸಿ ನೋಡಬೇಕು. ಸುಣ್ಣದ ಹರಳು ರೆಗ್ಯುಲೇಟರಿನಲ್ಲಿ ಸಿಕ್ಕಿ ಅದು ಕಚ್ಚಿಕೊಳ್ಳುವುದು ಸಾಮಾನ್ಯ. ದ್ರಾವಣವನ್ನು ಬಟ್ಟೆಯಲ್ಲಿ ಸೋಸಿ ಹಾಕಿ, ಸಂಜೆ ಪಂಪಿನಲ್ಲಿ ಹತ್ತು ನಿಮಿಷ ಬರೀ ನೀರು ಓಡಿಸತಕ್ಕದ್ದು.