ತೂಕ ಇಳಿಯಿತು, ಕೈಯಲ್ಲಿದ್ದ ಬಲವೂ ಇಳಿಯಿತು!

ನೀರಿನ ಕ್ಯಾನು ಕೈಜಾರಿದ್ದು ಒಂದು ಶನಿವಾರ ಬೆಳಿಗ್ಗೆ. 20 ಲೀಟರ್ ಕ್ಯಾನು. ಬೆಂಗಳೂರಿಗೆ ಬಂದು ಏಳು ವರ್ಷವಾಯ್ತು, ಅದನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಬೋರಲು ಹಾಕುವುದು ನನ್ನದೇ ಕೆಲಸ. ಅವತ್ತು ಸೊಂಟದವರೆಗೆ ಬಂತು, ಮೇಲೆ ಹೋಗಲಿಲ್ಲ. ಮೊಣಕೈ ನಡುಗಿತು, ಕ್ಯಾನು ಬಿತ್ತು, ಅಡುಗೆಮನೆಯಿಂದ ಹಾಲ್‌ವರೆಗೆ ನೀರೋ ನೀರು. ಒರೆಸುತ್ತಾ ‘ಕೈ ಒದ್ದೆಯಿತ್ತು, ಅದಕ್ಕೇ ಜಾರಿತು’ ಅಂತ ನನಗೆ ನಾನೇ ಹೇಳಿಕೊಂಡೆ.

ಯಾಕಂದ್ರೆ ಆಗ ನಾನು ತುಂಬಾ ಖುಷಿಯಲ್ಲಿದ್ದೆ. ನಾಲ್ಕು ತಿಂಗಳಲ್ಲಿ 73 ಕೆ.ಜಿ.ಯಿಂದ 61ಕ್ಕೆ ಇಳಿದಿದ್ದೆ. ಆಫೀಸಿನಲ್ಲಿ ಎಲ್ಲರೂ ‘ಏನ್ ಮಾಡಿದ್ರಿ, ನಮಗೂ ಹೇಳಿ’ ಅನ್ನೋರು. ಹಳೇ ಚೂಡಿದಾರಗಳನ್ನೆಲ್ಲ ಟೈಲರ್ ಹತ್ತಿರ ಕೊಟ್ಟು ಬಿಗಿ ಮಾಡಿಸಿದ್ದೆ. ಬೆಳಿಗ್ಗೆ ಗ್ರೀನ್ ಟೀ, ಒಂದು ಬಟ್ಟಲು ಪಪ್ಪಾಯ. ಮಧ್ಯಾಹ್ನ ಎರಡು ಫುಲ್ಕ, ತರಕಾರಿ ಪಲ್ಯ, ತಿಳಿಸಾರು, ಒಂದು ಲೋಟ ನೀರುಮಜ್ಜಿಗೆ. ರಾತ್ರಿ ನೀರಲ್ಲಿ ಬೇಯಿಸಿದ ಓಟ್ಸ್, ಹಣ್ಣು. ಜೊತೆಗೆ ದಿನಕ್ಕೆ 10 ಸಾವಿರ ಹೆಜ್ಜೆ. ಅನ್ನ, ಮುದ್ದೆ, ಹಾಲು ಎಲ್ಲಾ ಬಂದ್.

ಅದಾಗಿ ಎರಡೇ ವಾರಕ್ಕೆ ಊರಿಂದ ಅಪ್ಪನ ಫೋನ್. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದಿತ್ತು.

ಅಮ್ಮನ ಕೈ, ನನ್ನ ಕೈ

ನಮ್ಮೂರು ತಿಪಟೂರಿನ ಹತ್ತಿರ. ಲ್ಯಾಪ್‌ಟಾಪ್ ಹಿಡಕೊಂಡು ಹೋದವಳು ಹದಿನೈದು ದಿನ ಅಲ್ಲೇ ಇದ್ದೆ. ಬಲಗೈಗೆ ಪ್ಲಾಸ್ಟರ್ ಹಾಕಿದ್ದರಿಂದ ಅಮ್ಮನಿಗೆ ಮಂಚದಿಂದ ಏಳೋಕೆ ಒಬ್ಬರು ಹಿಡಿಯಬೇಕಿತ್ತು. ಮೊದಲ ದಿನ ತೋಳಿಗೆ ಕೈಕೊಟ್ಟು ಎತ್ತಲು ಹೋದೆ. ಅಮ್ಮ ಅರ್ಧ ಎದ್ದಳು, ನನ್ನ ಕೈ ಸೋತಿತು, ಇಬ್ಬರೂ ಮಂಚದ ಮೇಲೇ ಕೂತುಬಿಟ್ಟೆವು.

“ಬಿಡೇ, ನಾನೇ ಎದ್ದೇಳ್ತೀನಿ. ನಿನ್ನ ಕೈಯಲ್ಲೇ ಜೀವ ಇಲ್ಲ,” ಅಂದಳು ಅಮ್ಮ. ಬೈಗುಳ ಅಲ್ಲ ಅದು, ಗಾಬರಿ.

ಮೂಳೆ ಡಾಕ್ಟರು ಅಮ್ಮನಿಗೆ ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟರು. ಮೂಳೆ ಎಷ್ಟು ಗಟ್ಟಿ ಇದೆ ಅಂತ ತೋರಿಸುವ, ನೋವಿಲ್ಲದ ಪರೀಕ್ಷೆ. ಟಿ-ಸ್ಕೋರ್ ಮೈನಸ್ 2.7 ಬಂತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದನ್ನು ಆಸ್ಟಿಯೋಪೊರೋಸಿಸ್, ಅಂದ್ರೆ ಮೂಳೆ ಟೊಳ್ಳಾಗುವ ಕಾಯಿಲೆ ಅಂತಾರೆ. ಅಮ್ಮನಿಗೆ 57 ವರ್ಷ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ಹೆಂಗಸರ ಮೂಳೆ ಬೇಗ ಸವೆಯುತ್ತೆ ಅಂತ ವಿವರಿಸಿದ ಡಾಕ್ಟರು, ನನ್ನ ಕಡೆ ತಿರುಗಿದರು. ಅಮ್ಮ ಆಗಲೇ ನನ್ನ ಡಯಟ್ ಬಗ್ಗೆ ದೂರು ಕೊಟ್ಟಾಗಿತ್ತು.

“ತೂಕ ಇಳಿಸಿದ್ದು ಒಳ್ಳೇದೇ ಕಣಮ್ಮಾ. ಆದ್ರೆ ಇಳಿದಿದ್ದು ಏನು ಅಂತ ನೋಡಿಕೊಂಡ್ರಾ? ತಾಯಿಗೆ ಹೀಗಿದ್ರೆ ಮಗಳು ಈಗಿಂದಲೇ ಹುಷಾರಾಗಿರಬೇಕು.”

ತಕ್ಕಡಿ ಹೇಳದ ಲೆಕ್ಕ

ಆ ಪ್ರಶ್ನೆ ತಲೆಯಲ್ಲಿ ಕೂತುಬಿಡ್ತು. ದಿನವಿಡೀ ಡೇಟಾ ನೋಡುವ ಕೆಲಸ ನಂದು. ಆದರೆ ನಾಲ್ಕು ತಿಂಗಳು ಒಟ್ಟು ಮೊತ್ತವನ್ನಷ್ಟೇ ನೋಡಿ ಕುಣಿದಿದ್ದೆ, ಒಳಗಿನ ವಿವರ ನೋಡಿರಲಿಲ್ಲ.

ಕಡಿಮೆ ತಿಂದಾಗ ದೇಹ ಬರೀ ಕೊಬ್ಬನ್ನು ಕರಗಿಸಲ್ಲ. ಅದಕ್ಕೆ ದಿನಾ ಅಮೈನೋ ಆಮ್ಲಗಳು ಬೇಕು. ರಕ್ತಕ್ಕೆ, ಚರ್ಮಕ್ಕೆ, ರೋಗನಿರೋಧಕ ಶಕ್ತಿಗೆ, ಎಲ್ಲಕ್ಕೂ. ಊಟದ ಪ್ರೊಟೀನಿನಿಂದ ಅದು ಸಿಗದಿದ್ದರೆ ಸ್ನಾಯುವನ್ನೇ ಒಡೆದು ತೆಗೆದುಕೊಳ್ಳುತ್ತೆ. ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದರೆ, ಹೋದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಭಾಗವೇ ಆಗಿರುತ್ತೆ ಅನ್ನೋದು ಸಾಮಾನ್ಯ ಅಂದಾಜು. ಅದರಲ್ಲಿ ಸ್ನಾಯುವಿನದು ದೊಡ್ಡ ಪಾಲು. ನನ್ನ 12 ಕೆ.ಜಿ.ಯಲ್ಲಿ ಕಾಲು ಭಾಗ ಅಂದ್ರೆ 3 ಕೆ.ಜಿ.! ನೀರಿನ ಕ್ಯಾನು ಎತ್ತಬೇಕಿದ್ದದ್ದು ಅದೇ.

ಮೂಳೆ ಕಥೆಯೂ ಹೀಗೇ. ಮೂಳೆ ಅಂದ್ರೆ ಕಲ್ಲಲ್ಲ, ಜೀವ ಇರುವ ಅಂಗಾಂಶ. ಒಂದು ಕಡೆ ಹಳೆಯದು ಕರಗುತ್ತಾ ಇನ್ನೊಂದು ಕಡೆ ಹೊಸದು ಕಟ್ಟುತ್ತಾ ಇರುತ್ತೆ. ಮೇಲೆ ಭಾರ ಬಿದ್ದಷ್ಟೂ, ಸ್ನಾಯು ಎಳೆದಷ್ಟೂ ಗಟ್ಟಿಯಾಗುತ್ತೆ. ತೂಕ ಇಳಿದಾಗ ಆ ಭಾರವೂ ಇಳಿಯುತ್ತೆ. ಮೂಳೆ ತನ್ನ ಗರಿಷ್ಠ ಗಟ್ಟಿತನ ಮುಟ್ಟೋದು ಹೆಚ್ಚುಕಡಿಮೆ 30ರ ಆಸುಪಾಸಿನಲ್ಲಿ. ಆಮೇಲೆ ಇದ್ದದ್ದನ್ನು ಉಳಿಸಿಕೊಳ್ಳೋದೇ ಕೆಲಸ. ನನಗೀಗ ಸರಿಯಾಗಿ 30. ಕೂಡಿಡಬೇಕಾದ ಹೊತ್ತಲ್ಲಿ ನಾನು ಹಾಲು, ರಾಗಿ ಎರಡನ್ನೂ ಬಿಟ್ಟು ಕೂತಿದ್ದೆ.

ನನ್ನ ತಟ್ಟೆಯಲ್ಲಿ ಇದ್ದದ್ದೆಷ್ಟು?

ಅವತ್ತು ರಾತ್ರಿ ಊರಲ್ಲೇ ಕೂತು ಎಕ್ಸೆಲ್ ತೆಗೆದೆ. ನನ್ನ ಡಯಟ್‌ನ ಒಂದು ದಿನದ ಊಟ ಬರೆದೆ. ಎಷ್ಟೇ ಉದಾರವಾಗಿ ಲೆಕ್ಕ ಹಾಕಿದರೂ ಪ್ರೊಟೀನ್ 25 ಗ್ರಾಂ ದಾಟಲಿಲ್ಲ.

ಬೇಕಾದದ್ದೆಷ್ಟು? ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2020ರ ಶಿಫಾರಸಿನಲ್ಲಿ, ಆರೋಗ್ಯವಂತ ವಯಸ್ಕರಿಗೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ. 61 ಕೆ.ಜಿ.ಯ ನನಗೆ ಅದು ಸುಮಾರು 50 ಗ್ರಾಂ. ಇದು ಮಾಮೂಲಿ ದಿನಗಳ ಮಾತು. ತೂಕ ಇಳಿಸುವಾಗ ಸ್ನಾಯು ಉಳಿಯಬೇಕಾದರೆ ಪ್ರತಿ ಕೆ.ಜಿ.ಗೆ 1.2ರಿಂದ 1.6 ಗ್ರಾಂ ಇರಲಿ ಅನ್ನೋದು ಆಹಾರ ತಜ್ಞರು ಸಾಮಾನ್ಯವಾಗಿ ಕೊಡುವ ಸಲಹೆ. ಅಂದ್ರೆ ನನಗೆ 70 ಗ್ರಾಂಗಿಂತ ಹೆಚ್ಚು. ನಾನು ತಿಂತಿದ್ದದ್ದು ಅದರ ಮೂರನೇ ಒಂದು ಭಾಗ.

ಬಸ್ಸಾರಿನ ಪಾಠ

ಮಾರನೇ ದಿನ ಅಮ್ಮ ಕೂತಲ್ಲೇ ಹೇಳಿಕೊಟ್ಟು ನನ್ನ ಕೈಲಿ ಬಸ್ಸಾರು ಮಾಡಿಸಿದಳು. ಸೊಪ್ಪು, ಕಾಳು ಬೇಯಿಸಿ ಬಸಿದೆ. ಬಸಿದ ಕಟ್ಟಿಗೆ ಮಸಾಲೆ ಹಾಕಿದರೆ ಸಾರು, ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಅಭ್ಯಾಸದಂತೆ ಸಾರು ಬಡಿಸಿಕೊಂಡು ಒಂದು ಚಮಚ ಪಲ್ಯ ಹಾಕಿಕೊಂಡೆ.

“ಗಟ್ಟಿ ಎಲ್ಲಾ ಪಾತ್ರೇಲಿ ಬಿಟ್ಟು ನೀರು ಕುಡೀತೀಯಲ್ಲೇ,” ಅಂದಳು ಅಮ್ಮ.

ಸರಿಯಾದ ಮಾತು! ಪ್ರೊಟೀನ್ ಇರೋದು ಕಾಳಿನಲ್ಲಿ, ಕಟ್ಟಿನಲ್ಲಲ್ಲ. ‘ದಿನಾ ಬೇಳೆ ಸಾರು ತಿಂತೀವಿ, ಪ್ರೊಟೀನ್ ಸಾಕು’ ಅಂದುಕೊಳ್ಳುವ ನಾವು ಕುಡಿಯೋದು ತಿಳಿಯನ್ನೇ. ಇನ್ನೊಂದು ತಪ್ಪು ಲೆಕ್ಕ ಇದೆ. 100 ಗ್ರಾಂ ಬೇಳೆಯಲ್ಲಿ 22 ಗ್ರಾಂ ಪ್ರೊಟೀನ್ ಅಂತ ಓದುತ್ತೇವೆ. ಅದು ಹಸಿ ಬೇಳೆಯ ಲೆಕ್ಕ. ಬೆಂದ ಮೇಲೆ ನೀರು ಸೇರಿ, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ ಸಿಗೋದು 7-8 ಗ್ರಾಂ ಅಷ್ಟೆ.

ರಾಗಿ ಬಗ್ಗೆಯೂ ಒಂದು ಮಾತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ದಿನಕ್ಕೆ ಬೇಕಾದ 1,000 ಮಿಲಿಗ್ರಾಂನಲ್ಲಿ ಮೂರನೇ ಒಂದು ಭಾಗ. ಮೂಳೆಗೆ ಒಳ್ಳೇದೇ. ಆದರೆ ಪ್ರೊಟೀನ್ ಬರೀ 7 ಗ್ರಾಂ. ಹಾಗಾಗಿ ಮುದ್ದೆ ಒಂದೇ ಸಾಲದು, ಪಕ್ಕದಲ್ಲಿ ಕಾಳು ಇರಲೇಬೇಕು. ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಧಾನ್ಯದಲ್ಲಿದೆ. ಮುದ್ದೆ-ಹುರಳಿಕಾಳು, ಅನ್ನ-ಬೇಳೆ ಜೋಡಿಗಳಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತೆ.

ಈಗ ನನ್ನ ದಿನ ಹೀಗಿದೆ:

- ಬೆಳಿಗ್ಗೆ: ಎರಡು ಹೆಸರುಬೇಳೆ ದೋಸೆ, ಒಂದು ಲೋಟ ಹಾಲು. ಸುಮಾರು 18 ಗ್ರಾಂ. ಕೆಲವು ದಿನ ದೋಸೆ ಬದಲು ಎರಡು ಮೊಟ್ಟೆ. (ಊರಲ್ಲಿ ನಮ್ಮನೆಗೆ ಮೊಟ್ಟೆ ಬರಲ್ಲ. ಇಲ್ಲಿ ತಿನ್ನೋದು ಅಮ್ಮನಿಗೆ ಗೊತ್ತು, ಕೇಳಲ್ಲ!)
- ಮಧ್ಯಾಹ್ನ: ಸ್ವಲ್ಪ ಅನ್ನ ಅಥವಾ ಸಣ್ಣ ಮುದ್ದೆ, ದೊಡ್ಡ ಬಟ್ಟಲು ಕಾಳುಪಲ್ಯ, ಒಂದು ಬಟ್ಟಲು ಗಟ್ಟಿ ಮೊಸರು. ಸುಮಾರು 20 ಗ್ರಾಂ.
- ಸಂಜೆ: ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ. 7 ಗ್ರಾಂ.
- ರಾತ್ರಿ: ಎರಡು ಚಪಾತಿ, 100 ಗ್ರಾಂ ಪನೀರ್ ಅಥವಾ 30 ಗ್ರಾಂ ಸೋಯಾ ಚಂಕ್ಸ್ ಹಾಕಿದ ಪಲ್ಯ. 20 ಗ್ರಾಂಗಿಂತ ಹೆಚ್ಚು.

ಮೀನು, ಕೋಳಿ ತಿನ್ನುವವರಿಗೆ ಈ ಲೆಕ್ಕ ಇನ್ನೂ ಸಲೀಸು. ಒಂದೇ ಹೊತ್ತಿಗೆ ಎಲ್ಲ ತುಂಬುವ ಬದಲು ಮೂರು ಹೊತ್ತಿಗೂ ಹಂಚಿಕೊಂಡರೆ ಸ್ನಾಯುವಿಗೆ ಹೆಚ್ಚು ಉಪಯೋಗ. ನಮ್ಮಲ್ಲಿ ಹೆಚ್ಚಿನವರು ಎಡವೋದು ಬೆಳಿಗ್ಗೆಯೇ. ಎರಡು ಇಡ್ಲಿ, ಚಟ್ನಿ ತಿಂದು ಹೊರಟರೆ ಸಿಗೋದು ನಾಲ್ಕೈದು ಗ್ರಾಂ.

ತಿಂದರಷ್ಟೇ ಸಾಲದು

ಪ್ರೊಟೀನ್ ಇಟ್ಟಿಗೆ ಇದ್ದಂಗೆ. ಮನೆ ಕಟ್ಟು ಅಂತ ಯಾರಾದರೂ ಹೇಳಬೇಕಲ್ಲ? ಆ ಕೆಲಸ ವ್ಯಾಯಾಮದ್ದು, ಅದರಲ್ಲೂ ಭಾರ ಎತ್ತುವ ವ್ಯಾಯಾಮದ್ದು.

ಇದಕ್ಕೆ ಒಳ್ಳೇ ಸಾಕ್ಷಿ ಅಮೆರಿಕದಲ್ಲಿ ನಡೆದು, 2017ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನ. ಬೊಜ್ಜಿದ್ದ 160 ಹಿರಿಯರು ಅದರಲ್ಲಿದ್ದರು. ಡಯಟ್ ಜೊತೆ ನಡಿಗೆಯಂಥ ಏರೋಬಿಕ್ ವ್ಯಾಯಾಮವನ್ನಷ್ಟೇ ಮಾಡಿದವರಲ್ಲಿ ಕೊಬ್ಬಲ್ಲದ ಭಾಗ ಶೇ 5ರಷ್ಟು, ಸೊಂಟದ ಮೂಳೆಯ ಸಾಂದ್ರತೆ ಶೇ 3ರಷ್ಟು ಕಡಿಮೆಯಾಗಿತ್ತು. ಭಾರ ಎತ್ತುವ ವ್ಯಾಯಾಮ ಮಾಡಿದವರಲ್ಲಿ ಅದು ಶೇ 2 ಮತ್ತು ಶೇ 0.5 ಮಾತ್ರ. ಈ ಎರಡೂ ಗುಂಪಿನವರ ತೂಕ ಇಳಿದದ್ದು ಹೆಚ್ಚುಕಡಿಮೆ ಒಂದೇ, ಶೇ 9ರಷ್ಟು. ತಕ್ಕಡಿ ಮೇಲೆ ನಿಂತರೆ ಅವರ ನಡುವೆ ವ್ಯತ್ಯಾಸವೇ ಗೊತ್ತಾಗಲ್ಲ!

ನನ್ನ 10 ಸಾವಿರ ಹೆಜ್ಜೆ ಹೃದಯಕ್ಕೆ ಒಳ್ಳೇದು, ಬಿಟ್ಟಿಲ್ಲ. ಆದರೆ ಅದರಿಂದ ತೋಳಿಗೆ ಕೆಲಸ ಸಿಗಲ್ಲ. ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನಾನು ಮೂರು ದಿನ ಮಾಡ್ತೀನಿ. ಕೈ ಊರದೆ ಕುರ್ಚಿಯಿಂದ ಏಳೋದು-ಕೂರೋದು, ಗೋಡೆಗೆ ಕೈಕೊಟ್ಟು ಪುಷ್‌ಅಪ್, ಐದು ಕೆ.ಜಿ. ಅಕ್ಕಿ ಚೀಲ ಎತ್ತಿ ಇಳಿಸೋದು. 25 ನಿಮಿಷ ಸಾಕು. ಸುಲಭ ಅನ್ನಿಸಿದಾಗ ಭಾರ ಹೆಚ್ಚಿಸಬೇಕು, ಅಷ್ಟೆ.

ಎರಡು ಭಯಗಳು

‘ಪ್ರೊಟೀನ್ ಜಾಸ್ತಿ ಆದ್ರೆ ಮೂಳೆ ಕರಗುತ್ತಂತೆ’ ಅಂತ ನನ್ನ ರೂಮ್‌ಮೇಟ್ ಕೇಳಿದ್ದಳು. ಪ್ರೊಟೀನ್ ಹೆಚ್ಚು ತಿಂದಾಗ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಕಾಣಿಸುತ್ತೆ ಅನ್ನೋದರಿಂದ ಹುಟ್ಟಿದ ಭಯ ಇದು. ಕರುಳು ಹೀರಿಕೊಳ್ಳುವ ಕ್ಯಾಲ್ಸಿಯಂ ಕೂಡ ಆಗ ಹೆಚ್ಚುತ್ತೆ ಅಂತ ನಂತರ ಗೊತ್ತಾಯ್ತು. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಪ್ರೊಟೀನಿನಿಂದ ಮೂಳೆಗೆ ತೊಂದರೆಯಿಲ್ಲ. ಮೂಳೆಯ ಚೌಕಟ್ಟು ಕಟ್ಟಿರುವ ಕೊಲಾಜನ್ ಕೂಡ ಪ್ರೊಟೀನೇ. ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು. ಕತ್ತಲಲ್ಲಿ ಕ್ಯಾಬ್ ಹತ್ತಿ ಕತ್ತಲಲ್ಲೇ ಇಳಿಯುವ ನಮ್ಮಂಥವರು ಒಮ್ಮೆ ಅದನ್ನು ಪರೀಕ್ಷೆ ಮಾಡಿಸಿಕೊಳ್ಳೋದು ಒಳ್ಳೇದು.

ಇನ್ನೊಂದು ಭಯ ಕಿಡ್ನಿಯದ್ದು. ಕಿಡ್ನಿ ಚೆನ್ನಾಗಿರುವವರಿಗೆ ಇಷ್ಟು ಪ್ರಮಾಣದಿಂದ ಹಾನಿಯಿಲ್ಲ. ಆದರೆ ಕಿಡ್ನಿ ಸಮಸ್ಯೆ ಇರುವವರು ಡಾಕ್ಟರನ್ನು ಕೇಳದೆ ಪ್ರೊಟೀನ್ ಹೆಚ್ಚಿಸಲೇಬಾರದು. ಸಕ್ಕರೆ ಕಾಯಿಲೆ, ಬಿಪಿ ಬಹಳ ದಿನದಿಂದ ಇರುವವರೂ ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕು. ಪೌಡರ್ ಡಬ್ಬಿಗೆ ಓಡುವ ಅಗತ್ಯವೂ ಇಲ್ಲ. ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2024ರ ಮಾರ್ಗಸೂಚಿ ಕೂಡ ಪ್ರೊಟೀನ್ ಪೌಡರ್ ಬಗ್ಗೆ ಎಚ್ಚರಿಕೆಯನ್ನೇ ಹೇಳುತ್ತೆ.

ಈಗ

ನನ್ನ ತೂಕ ಈಗ 63. ಎರಡು ಕೆ.ಜಿ. ಹೆಚ್ಚಾಗಿದೆ. ‘ಡಯಟ್ ಬಿಟ್ಟುಬಿಟ್ರಾ?’ ಅಂತ ಆಫೀಸಿನಲ್ಲಿ ಒಬ್ಬರು ಕೇಳಿದರು. ಮೊದಲಾಗಿದ್ದರೆ ಅವತ್ತು ರಾತ್ರಿ ಊಟ ಬಿಡ್ತಿದ್ದೆ. ಈಗ ನಕ್ಕು ಸುಮ್ಮನಾದೆ. ಬಿಗಿ ಮಾಡಿಸಿದ ಚೂಡಿದಾರಗಳು ಇನ್ನೂ ಆಗುತ್ತವೆ. ಹೋದ ತಿಂಗಳಿಂದ ನೀರಿನ ಕ್ಯಾನು ಮತ್ತೆ ನಾನೇ ಎತ್ತಿ ಇಡ್ತಿದ್ದೀನಿ.

ಅಮ್ಮನ ಪ್ಲಾಸ್ಟರ್ ತೆಗೆದಾಗಿದೆ. ಡಾಕ್ಟರು ಕೊಟ್ಟ ಔಷಧಿ ನಡೀತಿದೆ, ಫಿಸಿಯೋಥೆರಪಿಯವರು ಹೇಳಿಕೊಟ್ಟಷ್ಟೇ ವ್ಯಾಯಾಮ. ಬಚ್ಚಲ ಗೋಡೆಗೆ ಅಪ್ಪ ಹಿಡಿಕೆ ಹಾಕಿಸಿದ್ದಾರೆ.

ನೀವೂ ತೂಕ ಇಳಿಸುತ್ತಿದ್ದರೆ ಈ ವಾರ ಒಂದೇ ಒಂದು ದಿನ, ತಿಂದದ್ದನ್ನೆಲ್ಲ ಫೋನಿನಲ್ಲಿ ಬರೆದಿಟ್ಟು ಪ್ರೊಟೀನ್ ಕೂಡಿಸಿ ನೋಡಿ. ನನಗಾದ ಹಾಗೆ ನಿಮಗೂ ಆಶ್ಚರ್ಯ ಆಗಬಹುದು.

ಅಮ್ಮ ಮೊದಲೆಲ್ಲ ಫೋನ್ ಮಾಡಿದರೆ ‘ಊಟ ಆಯ್ತಾ?’ ಅಂತ ಕೇಳೋಳು. ನಾನು ‘ಹೂಂ’ ಅಂದರೆ ಮುಗೀತು. ಈಗ ಅಷ್ಟಕ್ಕೇ ಬಿಡಲ್ಲ. “ಕಾಳು ತಿಂದ್ಯಾ, ಬರೀ ಸಾರಾ?” ಅಂತಾಳೆ.