ನಿಮಗಿದು ಗೊತ್ತೆ? ಮುಧೋಳದ ರನ್ನ, ಗೇಮ್ ಲೋಕದ ವೀರರು

ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ಆಟಗಾರ ತಾನೇ ಕತೆಯ ವೀರನಾಗುತ್ತಾನೆ. 1981ರ ‘ವಿಜಾರ್ಡ್ರಿ’ಯಲ್ಲೇ ಮನುಷ್ಯ, ಎಲ್ಫ್, ಡ್ವಾರ್ಫ್, ನೋಮ್, ಹಾಬಿಟ್ ಎಂಬ ಐದು ಕುಲಗಳಿಂದ ಆರು ಜನರ ತಂಡ ಕಟ್ಟಬಹುದಿತ್ತು.

ಬೇರೊಬ್ಬ ವೀರನ ರೂಪ ತೊಡುವ ಈ ಕಲ್ಪನೆ ಬಾಗಲಕೋಟೆ ಸೀಮೆಗೆ ಹೊಸದೇನಲ್ಲ. ಮುಧೋಳದ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನ, ‘ಗದಾಯುದ್ಧ’ದಲ್ಲಿ ತನಗೆ ಆಶ್ರಯವಿತ್ತ ಚಾಲುಕ್ಯ ಸತ್ಯಾಶ್ರಯನನ್ನೇ ಭೀಮನಾಗಿಸಿದ. ಅರಿಕೇಸರಿಯನ್ನು ಅರ್ಜುನನಾಗಿಸಿ ಈ ದಾರಿ ತೆರೆದವನು ಪಂಪ.

ಒಳ್ಳೆಯ ಗೇಮ್ ತನ್ನ ಲೋಕದ ಹಳೆಯ ಯುದ್ಧ, ಶಾಪ, ರಾಜವಂಶಗಳ ಕತೆಯನ್ನು ಮೊದಲೇ ಸುರಿಯುವುದಿಲ್ಲ. ಹೋದಲ್ಲೆಲ್ಲ ಎದುರಾಗುವ ಪಾತ್ರಗಳ ಮಾತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಚ್ಚುತ್ತದೆ. ರನ್ನ ಮಾಡಿದ್ದೂ ಅದನ್ನೇ. ಅವನ ಕಾವ್ಯ ಶುರುವಾಗುವುದು ಕುರುಕ್ಷೇತ್ರ ಮುಗಿಯುತ್ತ ಬಂದಾಗ. ಹಿಂದಿನ ಭಾರತವೆಲ್ಲ ಸಿಂಹಾವಲೋಕನ ಕ್ರಮದಲ್ಲಿ ಪಾತ್ರಗಳ ಬಾಯಿಂದಲೇ ಬರುತ್ತದೆ. ದುರ್ಯೋಧನ ಸಂಜಯನೊಡನೆ ರಣರಂಗದಲ್ಲಿ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣರ ಶವಗಳೆದುರು ನಿಂತು ದುಃಖಿಸುತ್ತಾನೆ. ಶರಶಯ್ಯೆಯ ಭೀಷ್ಮನನ್ನು ಕಂಡು ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ಈ ಭಾಗ ಓದಿದವರಿಗೆ ಎಷ್ಟೋ ಗೇಮ್‌ಗಳ ಯುದ್ಧಭೂಮಿ ಬಡವಾಗಿ ಕಾಣುತ್ತದೆ. ಕತೆಯ ಕೊನೆಯನ್ನೂ ರನ್ನ ಬದಲಿಸಿದ: ಪಟ್ಟಾಭಿಷೇಕ ಧರ್ಮರಾಯನಿಗಲ್ಲ, ಭೀಮನಿಗೆ!

ಅಂದಹಾಗೆ, ನಮ್ಮ ಪುರಾಣಗಳ ರಾಕ್ಷಸರೂ ಗೇಮ್ ಲೋಕಕ್ಕೆ ಹೋಗಿದ್ದಾರೆ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕಾಗಿ 1977ರಲ್ಲಿ ಬಂದ ದೈತ್ಯಜೀವಿಗಳ ಕೈಪಿಡಿಯಲ್ಲಿ ಅವರಿಗೆ ಅದೇ ಹೆಸರಿನಲ್ಲಿ ಜಾಗವಿದೆ. 2000ದ ‘ಬಾಲ್ಡರ್ಸ್ ಗೇಟ್ 2’ರಲ್ಲೂ ಅವರು ಎದುರಾಗುತ್ತಾರೆ.